ಬಿಳಿ ನಾಲ್ಕಕ್ಕೆ ಇಳಿದ ದನಿ

ಅದು ಶನಿವಾರ. ಕಾಕಿ ಬುಕಿತ್‌ನ ನಮ್ಮ ವರ್ಕ್‌ಶಾಪಿಗೆ ನನ್ನ ಹೆಂಡತಿ ಮಧ್ಯಾಹ್ನದ ಬುತ್ತಿ ಕಟ್ಟಿಕೊಂಡು ಬಂದಿದ್ದಳು. ವರ್ಕ್‌ಶಾಪ್ ಅಂದರೆ ದೊಡ್ಡದೇನಲ್ಲ. ಕಾರುಗಳಿಗೆ ಬಣ್ಣ ಹೊಡೆಯುವ ಅಂಗಡಿಗಳ ಮೇಲಿನ ಮಹಡಿಯಲ್ಲಿ ಕಿಟಕಿಯಿಲ್ಲದ ಒಂದು ಕೋಣೆ. ಹಳೆಯ ಗ್ರಾಮಫೋನ್ ತಟ್ಟೆ, ಟೇಪು, ಕ್ಯಾಸೆಟ್‌ಗಳಲ್ಲಿರುವ ದನಿಯನ್ನು ಕಂಪ್ಯೂಟರಿಗೆ ಇಳಿಸಿಕೊಡುವುದು ನಮ್ಮ ಕೆಲಸ. ಕೈ ನನ್ನದು, ಕಿವಿ ಅವಳದು. ತಟ್ಟೆ ತೊಳೆಯುವುದು, ಮುಳ್ಳು ಆರಿಸುವುದು, ತಂತಿ ಜೋಡಿಸುವುದು ನಾನು ಮಾಡುತ್ತಿದ್ದೆ. ದನಿ ಸರಿಯಾದ ವೇಗದಲ್ಲಿದೆಯೋ ಇಲ್ಲವೋ ಎಂದು ಹೇಳುತ್ತಿದ್ದವಳು ಅವಳು. ಗದಗಿನಲ್ಲಿ ಚಿಕ್ಕಂದಿನಿಂದ ಹಾರ್ಮೋನಿಯಂ ಮುಂದೆ ಕುಳಿತು ಹಾಡು ಕಲಿತವಳು. ಕಡಲು ದಾಟಿ ಬಂದ ಈ ದ್ವೀಪದಲ್ಲಿ, ಯಿಶುನ್‌ನ ನಮ್ಮ ಮನೆಯಲ್ಲಿ ಮಕ್ಕಳಿಗೆ ವಚನ, ಭಜನೆ ಹೇಳಿಕೊಡುತ್ತಿದ್ದಳು.

ಆ ದಿನ ಇಳಿಸುತ್ತಿದ್ದದ್ದು ಹುಬ್ಬಳ್ಳಿ ಕಡೆಯ ಒಬ್ಬರ ಮದುವೆ ಕ್ಯಾಸೆಟ್. ಅವಳು ರೊಟ್ಟಿ ಮುರಿಯುತ್ತ ಕೇಳಿಸಿಕೊಂಡಳು.

"ಸನಾದಿಯವ್ರು ಬಸ್ ತಪ್ಪತೈತಿ ಅಂತ ಊದಾಕತ್ತಾರೇನ್ರಿ? ಇಳಸ್ರಿ."

"ಇಷ್ಟು?"

"ಇನ್ನಷ್ಟು."

"ಈಗ ಸರಿ ಆತೇನು?"

"ನನ್ನ ಯಾಕ ಕೇಳ್ತೀರಿ, ಸನಾದಿಯವ್ರನ್ನ ಕೇಳ್ರಿ."

ವೇಗ ಏರಿಸಿ ಇಳಿಸಲು ಅವಳಿಗೆಂದೇ ಒಂದು ದುಂಡು ಗುಂಡಿ ತಂದು ಕಂಪ್ಯೂಟರಿಗೆ ಜೋಡಿಸಿದ್ದೆ. ಮೌಸ್ ಅವಳಿಗೆ ಆಗುತ್ತಿರಲಿಲ್ಲ. ತಂಬೂರಿಯ ಕಿವಿ ಹಿಂಡಿದಂತೆ ಬೆರಳಿಗೆ ತಿಳಿಯಬೇಕು ಎನ್ನುತ್ತಿದ್ದಳು. ಆ ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸಿ, ಕೈ ತೊಳೆದು, ಸಂಜೆಯ ಪಾಠಕ್ಕೆ ಮಕ್ಕಳು ಬರುತ್ತಾರೆಂದು ಬಸ್ಸು ಹಿಡಿದು ಹೋದಳು.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಬಿದ್ದಳು. ಮಿದುಳಿನಲ್ಲಿ ರಕ್ತನಾಳ ಒಡೆದಿತ್ತು. ಯಿಶುನ್ ಆಸ್ಪತ್ರೆಗೆ ಹೋದವಳು ಮನೆಗೆ ಬರಲಿಲ್ಲ.

ತಿಂಗಳು ಕಳೆದ ಮೇಲೆ ವರ್ಕ್‌ಶಾಪಿನ ಬಾಗಿಲು ತೆಗೆದೆ. ಕಿವಿ ಬೇಡದ ಕೆಲಸವನ್ನಷ್ಟೇ ಒಪ್ಪಿಕೊಂಡೆ. ಕಂಪನಿಯ ಕ್ಯಾಸೆಟ್, ಕಚೇರಿಯ ಭಾಷಣ, ವೇಗ ಮೊದಲೇ ಗೊತ್ತಿರುವಂಥವು. ಉಳಿದವರಿಗೆ ಯಂತ್ರ ಕೆಟ್ಟಿದೆ ಎಂದು ಹೇಳಿ ಕಳಿಸುತ್ತಿದ್ದೆ.

ಸೆಂಬವಾಂಗ್‌ನ ಆಂಟಿಗೂ ಅದನ್ನೇ ಹೇಳಿದೆ. ಎಂಬತ್ತರ ಹತ್ತಿರದ ಯುರೇಷಿಯನ್ ಹೆಂಗಸು, ಅಂದರೆ ಯುರೋಪು ಏಷ್ಯಾ ಎರಡೂ ಬೆರೆತ ಮನೆತನದವರು. ಟ್ಯಾಕ್ಸಿಯಲ್ಲಿ ಒಬ್ಬರೇ ಬಂದಿದ್ದರು. ಕೇಕ್ ಡಬ್ಬಿಯೊಳಗೆ ದಿಂಬಿನ ಚೀಲ, ಅದರೊಳಗೆ ಒಂದು ತಟ್ಟೆ. ಅವರ ಮಾತೆಲ್ಲ ಇಂಗ್ಲಿಷ್. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಇಲ್ಲಿಯ ಜನ ಮಾತಿನ ಕೊನೆಗೆ ಸೇರಿಸುವ 'ಲಾ' ಮಾತ್ರ ಅವರದೇ.

"ಯಂತ್ರ ಕೆಟ್ಟಿದೆ, ಆಂಟಿ."

"ದೀಪ ಉರೀತಿದೆಯಲ್ಲ ಲಾ."

"ದೀಪ ಉರಿಯುತ್ತೆ. ಓಡಲ್ಲ."

"ನಾನೂ ಹಾಗೇನೇ," ಎಂದು ಹೇಳಿ ನನ್ನ ಕುರ್ಚಿಯಲ್ಲಿ ಕುಳಿತುಬಿಟ್ಟರು. ಐವತ್ತು ದಾಟಿದ ನನ್ನನ್ನು 'ಬಾಯ್' ಎಂದು ಕರೆದರು. "ಕೇಳು ಬಾಯ್. ಎಡಗಿವಿ ಚಿಕ್ಕಂದಿನಲ್ಲೇ ಜ್ವರಕ್ಕೆ ಹೋಯ್ತು. ಬಲಗಿವಿಯ ಒಳಗೆ ಗಡ್ಡೆ ಬೆಳೆದಿದೆ. ಮುಂದಿನ ವಾರ ಆಪರೇಷನ್. ಗಡ್ಡೆ ಹೋಗುತ್ತೆ, ಅದರ ಜೊತೆ ಕಿವೀನೂ ಹೋಗುತ್ತೆ ಅಂತ ಡಾಕ್ಟರ್ ಹೇಳಿದ್ದಾರೆ. ಈ ತಟ್ಟೆಯಲ್ಲಿರೋದು ನಮ್ಮ ಪಾಪಾ ಹಾಡಿದ್ದು. ಪಾಪಾ ದನಿ ಹೇಗಿತ್ತು ಅಂತ ಗೊತ್ತಿರೋಳು ಈಗ ನಾನೊಬ್ಬಳೇ."

ಅವರ ತಂದೆ ಈ ಊರಿನ ಮೊದಮೊದಲ ಡ್ಯಾನ್ಸ್ ಬ್ಯಾಂಡ್‌ಗಳಲ್ಲಿ ಒಂದನ್ನು ನಡೆಸಿದವರು. ಹಡಗಿನ ವಾದ್ಯಗಾರನಾಗಿ ಬಂದು ಇಲ್ಲಿಯೇ ಇಳಿದುಕೊಂಡರಂತೆ. ಮೂಕಿ ಸಿನಿಮಾದ ಕಾಲದಲ್ಲಿ ಪರದೆಯ ಕೆಳಗೆ ಕುಳಿತು ಪಿಟೀಲು ಬಾರಿಸುತ್ತಿದ್ದರು. ಮಾತಾಡುವ ಸಿನಿಮಾ ಬಂದು ಅಲ್ಲಿದ್ದವರೆಲ್ಲ ಕೆಲಸ ಕಳೆದುಕೊಂಡಾಗ, ಅವರನ್ನೇ ಕೂಡಿಸಿಕೊಂಡು ಬ್ಯಾಂಡ್ ಕಟ್ಟಿದರು. ಮನಿಲಾದ ಡ್ರಮ್ಮಿನವನು, ಗೋವಾದ ಸ್ಯಾಕ್ಸೋಫೋನಿನವನು, ಮಲಕ್ಕಾದ ಕಹಳೆಯವನು. ಸಂಜೆ ಸಮುದ್ರದ ಕಡೆಯ ಹೋಟೆಲಿನಲ್ಲಿ ಚಹಾ ಹೊತ್ತಿನ ನೃತ್ಯಕ್ಕೆ, ರಾತ್ರಿ ಮನರಂಜನೆಯ ಪಾರ್ಕಿನ ಕ್ಯಾಬರೆಯಲ್ಲಿ. ಅಮೆರಿಕದಿಂದ ಬರುತ್ತಿದ್ದ ಜಾಝ್ ತಟ್ಟೆಗಳನ್ನು ಕೇಳಿ ಕಲಿತರು, ಆಮೇಲೆ ತಾವೇ ಹಾಡು ಬರೆದರು. ಜನ ಹಾಡುಗಳನ್ನು ಬಾಯಲ್ಲಿ ಒಯ್ದರು. ತಟ್ಟೆ ಮಾಡಲು ಯಾವ ಕಂಪನಿಯೂ ಕರೆಯಲಿಲ್ಲ. ಒಮ್ಮೆ ಒಂದು ರೇಡಿಯೋ ಅಂಗಡಿಯವನು ತಟ್ಟೆ ಕೊರೆಯುವ ಯಂತ್ರ ತರಿಸಿ, ಪರೀಕ್ಷೆಗೆಂದು ಇವರ ಬ್ಯಾಂಡನ್ನು ಅಂಗಡಿಗೆ ಕರೆಸಿಕೊಂಡನಂತೆ. ಆಗ ಹುಟ್ಟಿದ ತಟ್ಟೆ ಇದೊಂದೇ. ನಂತರ ಯುದ್ಧ ಬಂತು. ಬ್ಯಾಂಡಿನವರಲ್ಲಿ ಎಲ್ಲರೂ ಉಳಿಯಲಿಲ್ಲ. ಯುದ್ಧ ಮುಗಿದ ಮೇಲೆ ತಂದೆ ಶಾಲೆಗಳ ಪಿಯಾನೋ ಶ್ರುತಿ ಮಾಡಿಕೊಂಡು, ಆಗಾಗ ಮದುವೆಗಳಲ್ಲಿ ನಾಲ್ಕೈದು ಜನರ ಸಣ್ಣ ಬ್ಯಾಂಡ್ ನಡೆಸಿಕೊಂಡು ಇದ್ದರು. ಆ ಮದುವೆಗಳಲ್ಲಿ ಆಂಟಿ ಡ್ರಮ್ಮಿನ ಪೆಟ್ಟಿಗೆಯ ಮೇಲೆ ಕುಳಿತು ಕೇಳುತ್ತಿದ್ದ ಹುಡುಗಿ.

"ಆಗುತ್ತೋ ಇಲ್ಲವೋ ಹೇಳು ಲಾ. ಟ್ಯಾಕ್ಸಿಯವನನ್ನ ಕೆಳಗೆ ನಿಲ್ಲಿಸಿದ್ದೀನಿ."

ತಟ್ಟೆಯನ್ನು ದೀಪದ ಕೆಳಗೆ ಹಿಡಿದೆ. ಇದು ಅಂಗಡಿಯಲ್ಲಿ ಮಾರುವ ತಟ್ಟೆಯಂತಲ್ಲ. ಅಲ್ಯೂಮಿನಿಯಂ ತಗಡಿನ ಮೇಲೆ ತೆಳುವಾದ ಕರಿ ಲೇಪ, ಆ ಲೇಪದಲ್ಲಿ ಕೊರೆದ ಗೆರೆಗಳಲ್ಲಿ ದನಿ. ಕಾಲ ಕಳೆದಂತೆ ಲೇಪ ಕುಗ್ಗುತ್ತದೆ, ತಗಡು ಕುಗ್ಗುವುದಿಲ್ಲ. ಆಗ ಲೇಪ ಬಿರುಕು ಬಿಟ್ಟು ಏಳುತ್ತದೆ. ಮೈತುಂಬ ವಿಭೂತಿ ಬಳಿದಂತೆ ಬಿಳಿ ಜಿಡ್ಡು ಕೂತಿತ್ತು. ಅದು ಲೇಪದಿಂದಲೇ ಒಸರಿದ ಎಣ್ಣೆ. ಹೊರ ಅಂಚಿನಲ್ಲಿ, ಹಾಡು ಶುರುವಾಗುವ ಜಾಗದಲ್ಲಿಯೇ, ಹೆಬ್ಬೆರಳ ಉಗುರಿನಷ್ಟು ಲೇಪ ತಗಡು ಬಿಟ್ಟು ಮೇಲೆದ್ದಿತ್ತು. ಉಸಿರು ತಾಗಿದರೆ ಅಲುಗುತ್ತಿತ್ತು.

ಬೇಡ ಎನ್ನಬೇಕಿತ್ತು. ಇಂಥ ತಟ್ಟೆ ಒಂದು ಸಲ ಓಡುತ್ತದೆ, ಎರಡನೇ ಸಲದ ಭರವಸೆ ಇಲ್ಲ. ಕೆಟ್ಟರೆ ಒಬ್ಬ ಮನುಷ್ಯನ ದನಿ ಲೋಕದಲ್ಲೇ ಇಲ್ಲವಾಗುತ್ತದೆ. ಆದರೆ ಆ ಹೆಂಗಸು ತಲೆಯನ್ನು ಸ್ವಲ್ಪ ಓರೆ ಮಾಡಿ ಬಲಗಿವಿಯನ್ನು ನನ್ನ ಬಾಯಿಯ ಕಡೆ ತಿರುಗಿಸಿ ಕಾಯುತ್ತಿದ್ದರು. ಆಗಲಿ ಎಂದೆ.

ಮರುದಿನವೆಲ್ಲ ಅದರ ಮುಂದೆ ಕುಳಿತೆ. ಮೊದಲ ಪ್ರಶ್ನೆ ತೊಳೆಯುವುದು. ಬಿಳಿ ಜಿಡ್ಡು ಹೋಗದಿದ್ದರೆ ಮುಳ್ಳು ಗೆರೆಯಲ್ಲಿ ಕೂರುವುದಿಲ್ಲ. ಆದರೆ ಬಿರುಕಿನೊಳಗೆ ನೀರು ಇಳಿದರೆ ಲೇಪ ಹಾಳೆಯಂತೆ ಕಿತ್ತು ಬರುತ್ತದೆ. ಗಟ್ಟಿಯಿದ್ದ ಒಳಭಾಗವನ್ನಷ್ಟೇ ಹದವಾದ ದ್ರವದಲ್ಲಿ ಅದ್ದಿದ ಮೆತ್ತನೆ ಬ್ರಷ್ಷಿನಿಂದ, ಗೆರೆಯ ಜೊತೆಗೇ ಸುತ್ತುತ್ತ ಒರೆಸಿದೆ. ಹೊರ ಅಂಚನ್ನು ಒಣ ಬ್ರಷ್ಷಿನಿಂದ ಮುಟ್ಟಿದೆ ಅಷ್ಟೆ. ನಡುನಡುವೆ ಎದ್ದು ಹೋಗಿ ಮೆಟ್ಟಿಲಲ್ಲಿ ನಿಲ್ಲುತ್ತಿದ್ದೆ. ಕೆಳಗಿನಿಂದ ಥಿನ್ನರ್ ವಾಸನೆ ಬರುತ್ತಿತ್ತು.

ಎರಡನೆಯದು ಮೇಲೆದ್ದ ಆ ಚೂರು. ಹಾಡಿನ ಮೊದಲ ಸುತ್ತುಗಳು ಅದರ ಮೇಲೇ ಇವೆ. ಮುಳ್ಳು ಅಲ್ಲಿ ಹತ್ತಿದರೆ ಎರಡರಲ್ಲಿ ಒಂದಾಗಬಹುದು. ಚೂರನ್ನು ದಾಟಿ ಹೋಗಬಹುದು. ಇಲ್ಲವೇ ಚೂರಿನ ಅಂಚಿಗೆ ಸಿಕ್ಕಿಕೊಂಡು, ಅದನ್ನು ಎಬ್ಬಿಸಿ, ಬಿರುಕಿನ ದಾರಿಯಲ್ಲೇ ಒಳಗಿನ ಲೇಪವನ್ನೂ ಎಳೆದುಕೊಂಡು ಬರಬಹುದು. ಅಂಟಿಸಿ ನೋಡೋಣವೆಂದರೆ, ಒತ್ತಿದರೆ ಮುರಿಯುವಷ್ಟು ಅದು ಸೆಟೆದುಕೊಂಡಿತ್ತು.

ಹಿಂದೆ ಇಂಥ ಹೊತ್ತಿನಲ್ಲಿ ತಿರುಗಿ "ಏನ್ ಮಾಡೋಣು?" ಎಂದು ಕೇಳುತ್ತಿದ್ದೆ. ಆ ದಿನವೂ ತಿರುಗಿದೆ. ಕುರ್ಚಿಯ ಮೇಲೆ ದಿಂಬಿನ ಚೀಲವಿತ್ತು.

ಕೊನೆಗೆ ನಾನೇ ತೀರ್ಮಾನ ಮಾಡಿದೆ. ಚೂರನ್ನು ಬಿಟ್ಟು, ಅದರ ಒಳಗಡೆಯ ಮೊದಲ ಗಟ್ಟಿ ಗೆರೆಯಿಂದ ಮುಳ್ಳು ಇಡುವುದು. ಆರಂಭ ಹೋದರೆ ಹೋಗಲಿ, ಉಳಿದದ್ದು ಉಳಿಯಲಿ. ಮೊದಲು ಉಳಿದದ್ದನ್ನು ತೆಗೆದುಕೊಂಡು ಆಮೇಲೆ ಚೂರಿನ ಕಡೆ ನೋಡಿದರಾಯಿತು ಎಂದುಕೊಂಡೆ. ಇನ್ನೂ ಒಂದು ಎಚ್ಚರಿಕೆ. ತಟ್ಟೆಯನ್ನು ಅದರ ವೇಗದಲ್ಲಿ ಓಡಿಸದೆ ಅರ್ಧಕ್ಕಿಂತ ಕಡಿಮೆ ವೇಗದಲ್ಲಿ ತಿರುಗಿಸುವುದು. ನಿಧಾನಕ್ಕೆ ಹೋದರೆ ಬಿರುಕು ಬಂದಾಗ ಮುಳ್ಳು ಹಾರುವುದಿಲ್ಲ, ಇಳಿದು ಹತ್ತಿ ದಾಟುತ್ತದೆ. ಹಾಗೆ ತೆಗೆದುಕೊಂಡ ದನಿಯನ್ನು ಕಂಪ್ಯೂಟರಿನಲ್ಲಿ ಮತ್ತೆ ಏರಿಸಬೇಕು. ಎಷ್ಟು ಏರಿಸಬೇಕು ಎನ್ನುವುದನ್ನು ಆಗ ಯೋಚಿಸಲಿಲ್ಲ.

ಎ.ಸಿ. ಆರಿಸಿದೆ. ಮುಳ್ಳು ಇಳಿಸಿದೆ. ಸ್ಪೀಕರಿನಲ್ಲಿ ಹಾಡು ಬರಲಿಲ್ಲ. ಬಾವಿಯ ತಳದಿಂದ ಎಮ್ಮೆ ಕೂಗಿದಂಥ ಒಂದು ನರಳಾಟ, ನಡುನಡುವೆ ಬಿರುಕಿನ ಟಕ್ ಟಕ್. ಪ್ರತಿ ಟಕ್ಕಿಗೂ ಕಣ್ಣು ಮುಚ್ಚಿದೆ. ನಡುವಿನಲ್ಲಿ ಒಂದು ಕಡೆ ಲೇಪ ಮುಳ್ಳಿನ ಮುಂದೆ ಅಲೆಯಂತೆ ಉಬ್ಬಿದ್ದನ್ನು ಕಂಡೆ. ತೋಳು ಎತ್ತಲು ಕೈ ಚಾಚಿದೆ. ಎತ್ತಿದರೆ ಮತ್ತೆ ಇಡುವ ಜಾಗ ಸಿಗುವುದಿಲ್ಲ. ಕೈಯನ್ನು ಹಾಗೇ ಗಾಳಿಯಲ್ಲಿ ಹಿಡಿದುಕೊಂಡೆ. ಮುಳ್ಳು ಉಬ್ಬನ್ನು ಹತ್ತಿತು, ಇಳಿಯಿತು, ಹೋಯಿತು.

ತಟ್ಟೆ ನಿಂತ ಮೇಲೆ ನೋಡಿದರೆ ಉಬ್ಬಿದ ಜಾಗ ಸೀಳಿತ್ತು. ಅಂಚಿನ ಚೂರು ಮುಳ್ಳು ಮುಟ್ಟದೆಯೇ, ತಿರುಗುವಾಗಿನ ಅದುರಾಟಕ್ಕೇ ಕಳಚಿಕೊಂಡಿತ್ತು. ಇಕ್ಕಳದಲ್ಲಿ ಹಿಡಿಯಲು ಹೋದೆ. ಸುಟ್ಟ ಹಪ್ಪಳದಂತೆ ಪುಡಿಯಾಯಿತು.

ಇನ್ನು ತಟ್ಟೆ ಇಲ್ಲ. ಕಂಪ್ಯೂಟರಿನಲ್ಲಿದ್ದ ನರಳಾಟವೇ ಎಲ್ಲ.

ವೇಗ ಏರಿಸುತ್ತ ಹೋದೆ. ನರಳಾಟ ಮನುಷ್ಯನ ದನಿಯಾಯಿತು, ಹಿಂದೆ ಸ್ಯಾಕ್ಸೋಫೋನ್ ಬಿಡಿಸಿಕೊಂಡಿತು, ಡ್ರಮ್ಮಿನ ಕುಂಚ ಸವರುವ ಸದ್ದು ಬಂತು. ಆ ಕಾಲದ ತಟ್ಟೆಗಳ ರೂಢಿಯ ವೇಗ ಒಂದಿದೆ. ಆದರೆ ಸಣ್ಣ ಅಂಗಡಿಯ ಯಂತ್ರ ಆ ವೇಗದಲ್ಲೇ ತಿರುಗುತ್ತಿತ್ತು ಎನ್ನಲಾಗುವುದಿಲ್ಲ. ಅದಕ್ಕೇ ಮನೆಯಿಂದ ಹೆಂಡತಿಯ ಹಾರ್ಮೋನಿಯಂ ತಂದೆ. ನಮ್ಮಲ್ಲಿ ಶ್ರುತಿಯನ್ನು ಹಾರ್ಮೋನಿಯಂ ಮನೆಗಳ, ಅಂದರೆ ಅದರ ಬಿಳಿ ಕರಿ ಕೀಲಿಗಳ, ಲೆಕ್ಕದಲ್ಲಿ ಹೇಳುತ್ತಾರೆ. ಬಿಳಿ ಒಂದು, ಬಿಳಿ ಎರಡು, ಕರಿ ಒಂದು, ಕರಿ ಎರಡು ಹೀಗೆ. ಹಾಡಿನ ಸಾ ಯಾವ ಮನೆಯಲ್ಲಿದೆ ಎಂದು ನೋಡಿದೆ. ರೂಢಿಯ ವೇಗದಲ್ಲಿ ಅದು ಯಾವ ಮನೆಯಲ್ಲೂ ಇರಲಿಲ್ಲ. ಪಕ್ಕಪಕ್ಕದ ಬಿಳಿ ಐದಕ್ಕೂ ಕರಿ ನಾಲ್ಕಕ್ಕೂ ನಡುವೆ ಹೊಸ್ತಿಲಲ್ಲಿ ನಿಂತಿತ್ತು. ಬ್ಯಾಂಡಿನ ವಾದ್ಯಗಳು ಹಾಗೆ ಮನೆ ಬಿಟ್ಟು ನಿಲ್ಲುವುದಿಲ್ಲ, ಹಾಗಾದರೆ ವೇಗ ತಪ್ಪು. ಒಂದು ಕಡೆಗೆ ಎಳೆಯಬೇಕು. ಮೇಲಕ್ಕೋ, ಕೆಳಕ್ಕೋ? ಎರಡನ್ನೂ ಕೇಳಿದೆ. ಕರಿ ನಾಲ್ಕಕ್ಕೆ ಏರಿಸಿದಾಗ ಕಿವಿ ತಂಪಾಯಿತು. ಎಲ್ಲವೂ ಅದರದರ ಜಾಗದಲ್ಲಿ ಕೂತಂತೆ ಅನಿಸಿತು. ಅದನ್ನೇ ಉಳಿಸಿಕೊಂಡೆ. ಮೊದಲ ಬಾರಿ ಒಬ್ಬನೇ ಕೆಲಸ ಮುಗಿಸಿದೆ ಎಂದು ಸ್ವಲ್ಪ ಹೆಮ್ಮೆಯೂ ಆಯಿತು.

ಸೆಂಬವಾಂಗ್‌ನ ಅವರ ಮನೆಗೆ ಲ್ಯಾಪ್‌ಟಾಪ್, ಸ್ಪೀಕರ್ ತೆಗೆದುಕೊಂಡು ಹೋದೆ. ಆಂಟಿ ಒಳ್ಳೆಯ ಗೌನು ಹಾಕಿಕೊಂಡು, ತುಟಿಗೆ ಬಣ್ಣ ಹಚ್ಚಿಕೊಂಡು ಕುಳಿತಿದ್ದರು. ಸ್ಪೀಕರನ್ನು ಬಲಗಿವಿಗೆ ಹತ್ತಿರ ಇಟ್ಟೆ. ಹಾಡು ಮುಗಿಯುವವರೆಗೆ ಅಲುಗಲಿಲ್ಲ. ಮುಗಿದ ಮೇಲೆ ನಕ್ಕರು.

"ಚೆನ್ನಾಗಿ ಹಾಡ್ತಾನೆ. ಯಾರು ಈ ಹುಡುಗ?"

ನಾನು ಲ್ಯಾಪ್‌ಟಾಪಿನತ್ತ ಬೆರಳು ತೋರಿಸಿದೆ.

"ನಿಮ್ಮ ತಂದೆ, ಆಂಟಿ. ನೀವು ಕೊಟ್ಟ ತಟ್ಟೆ."

"ಅಯ್ಯಾ, ಇದು ಪಾಪಾ ಅಲ್ಲ ಲಾ." ನಗು ಮೆಲ್ಲಗೆ ಇಳಿಯಿತು. "ಹಾಡು ಪಾಪಾದು. ಹಾಡೋನು ಪಾಪಾ ಅಲ್ಲ. ಬೇರೆ ಯಾರನ್ನೋ ಹಾಡಿಸಿದ್ದಾರೆ. ಇಷ್ಟು ವರ್ಷ ಅಲಮಾರಿಯಲ್ಲಿ ಬೇರೆ ಯಾರನ್ನೋ ಇಟ್ಟುಕೊಂಡಿದ್ದೆ, ನೋಡು."

ವೇಗ ತಪ್ಪಿರಬಹುದು, ಸರಿ ಮಾಡಿ ತರುತ್ತೇನೆ ಎಂದೆ. ಅವರು ತಲೆಯಾಡಿಸಿದರು. ನಂಬಿದಂತೆ ಕಾಣಲಿಲ್ಲ. ನನಗೆ ಚಹಾ ಮಾಡಿಕೊಟ್ಟರು. ಲೋಟ ಹಿಡಿದು ಕಣ್ಣೊರೆಸಿಕೊಂಡ ನನ್ನನ್ನು ನೋಡಿ, "ನೀನ್ಯಾಕೆ ಅಳ್ತೀಯ? ನಿನ್ನ ಪಾಪಾ ಏನಲ್ಲವಲ್ಲ," ಎಂದರು.

ವರ್ಕ್‌ಶಾಪಿಗೆ ಬಂದು ಬಾಗಿಲು ಹಾಕಿಕೊಂಡೆ. ಎಲ್ಲಿ ತಪ್ಪಿದೆ? ಹಾರ್ಮೋನಿಯಂ ಮುಂದೆ ಕುಳಿತು, ಏನೂ ಯೋಚಿಸದೆ ಸಾ ಹಿಡಿಯಲು ಬೆರಳಿಟ್ಟೆ. ಬೆರಳು ತಾನಾಗಿ ಕರಿ ನಾಲ್ಕರ ಮೇಲೆ ಹೋಯಿತು. ಆಗ ತಿಳಿಯಿತು. ಅದು ನನ್ನ ಹೆಂಡತಿಯ ಶ್ರುತಿ. ಮದುವೆಯಾದಂದಿನಿಂದ ಮನೆಯಲ್ಲಿ ನಾನು ಕೇಳಿದ ಸಾ ಅದೊಂದೇ. ನನ್ನ ಕಿವಿಗೆ ಗೊತ್ತಿದ್ದ ಮನೆಯೂ ಅದೊಂದೇ. ಯಾರದೋ ತಂದೆಯನ್ನು ಎಳೆದು ತಂದು ಅಲ್ಲಿ ನಿಲ್ಲಿಸಿ, ಸರಿಯಾಯಿತು ಎಂದುಕೊಂಡಿದ್ದೆ.

ತಿಳಿದರೂ ದಾರಿ ಸಿಗಲಿಲ್ಲ. ಬಿಳಿ ಐದಕ್ಕೆ ಇಳಿಸಿದೆ, ಅದೂ ಮನುಷ್ಯನ ದನಿಯೇ. ಅದಕ್ಕಿಂತ ಕೆಳಗೆ ಇಳಿಸಿದೆ, ಅದೂ ಆಗಬಹುದು ಎನಿಸಿತು. ಯಾವುದನ್ನು ಕೇಳಿದರೂ ಆಗಬಹುದು ಎನ್ನುವ ಕಿವಿ ನನ್ನದು. ತಟ್ಟೆಯನ್ನು ಮತ್ತೆ ಓಡಿಸುವಂತಿಲ್ಲ. ಆ ಹಾಡುಗಾರನನ್ನು ಕಂಡವರು ಇನ್ಯಾರೂ ಇಲ್ಲ. ಉಳಿದದ್ದು ಒಂದು ಕಿವಿ, ಅದಕ್ಕೂ ದಿನ ಗೊತ್ತಾಗಿದೆ. ಆಮೇಲೆ ನಾನು ಯಾವ ವೇಗ ಇಟ್ಟರೂ ಅದೇ ಆ ಮನುಷ್ಯನ ದನಿಯಾಗಿ ಉಳಿಯುತ್ತದೆ. ತಪ್ಪು ಎಂದು ಹೇಳುವವರು ಇರುವುದಿಲ್ಲ.

ಎರಡು ಮೂರು ವೇಗಗಳಲ್ಲಿ ಮಾಡಿಕೊಂಡು ಹೋಗಿ ಯಾವುದು ಸರಿ ಎಂದು ಕೇಳಬಹುದಿತ್ತು. ಆದರೆ ಹೆಂಡತಿ ಅದನ್ನು ಎಂದೂ ಮಾಡುತ್ತಿರಲಿಲ್ಲ. "ಸರಿ ಐತೇನ್ರಿ ಅಂತ ಮಂದಿನ್ನ ಕೇಳಬ್ಯಾಡ್ರಿ," ಎನ್ನುತ್ತಿದ್ದಳು. "ಕೇಳಿದ್ರ ಹೌದು ಅಂತಾರ. ಪಾಪ, ಅವ್ರಿಗೆ ಹೌದು ಆಗಬೇಕಾಗಿರತೈತಿ." ಒಮ್ಮೆ ಅಲ್ಲ ಎಂದ ಆಂಟಿ ಎರಡನೇ ಸಲ, ಆಪರೇಷನ್ ಹತ್ತಿರ ಬಂದಾಗ, ನನ್ನ ಮುಖ ನೋಡಿ ಹೌದು ಎಂದುಬಿಡಬಹುದು. ಆ ಹೌದು ಯಾತಕ್ಕೂ ಬಾರದು.

ಅಷ್ಟರಲ್ಲಿ ಆಂಟಿ ಆಸ್ಪತ್ರೆಗೆ ಸೇರಿಯಾಗಿತ್ತು. ಯಿಶುನ್ ಆಸ್ಪತ್ರೆ.

ನಮ್ಮ ಮನೆಯಿಂದ ಅದು ನಡೆದು ಹೋಗುವಷ್ಟು ಹತ್ತಿರ. ಅವಳು ಹೋದ ಮೇಲೆ ನಾನು ಆ ರಸ್ತೆಯನ್ನು ಬಿಟ್ಟು ಸುತ್ತಿಕೊಂಡು ಎಂ.ಆರ್.ಟಿ. ರೈಲಿಗೆ ಹೋಗುತ್ತಿದ್ದೆ. ಆ ಮಧ್ಯಾಹ್ನ ಚೀಲ ಹೆಗಲಿಗೆ ಹಾಕಿಕೊಂಡು ಆಸ್ಪತ್ರೆಯ ಎದುರಿನ ಬಸ್ ಸ್ಟಾಪಿನವರೆಗೆ ಬಂದೆ. ಅಲ್ಲಿ ಕುಳಿತೆ. ಬಸ್ಸುಗಳು ಬಂದು ಹೋದವು. ಬಾಗಿಲು ತೆರೆದುಕೊಂಡಾಗಲೆಲ್ಲ ಒಳಗಿನ ತಣ್ಣನೆ ಗಾಳಿ ರಸ್ತೆ ದಾಟಿ ನನ್ನ ಹತ್ತಿರ ಬರುತ್ತಿದೆ ಅನಿಸುತ್ತಿತ್ತು. ಬರುವುದು ಸಾಧ್ಯವಿರಲಿಲ್ಲ.

ಫೋನ್ ಬಂತು. ಆಂಟಿ ಜೋರಾಗಿ ಮಾತಾಡುತ್ತಿದ್ದರು, ಕಿವಿ ಕೇಳಿಸದವರು ಮಾತಾಡುವಂತೆ.

"ಬಾಯ್, ಎಲ್ಲಿದ್ದೀಯ?"

"ಕೆಳಗೆ, ಆಂಟಿ. ಬಸ್ ಸ್ಟಾಪಿನಲ್ಲಿ."

"ಎಲ್ಲಿಗೆ ಹೋಗೋಕೆ?"

"ನಿಮ್ಮ ಹತ್ತಿರವೇ."

"ನನ್ನ ವಾರ್ಡಿಗೆ ಬಸ್ ಇಲ್ಲ ಲಾ. ಲಿಫ್ಟ್ ಇದೆ. ನಾಳೆ ಬೆಳಿಗ್ಗೆ ಕಿವಿ ತೆಗೀತಾರೆ. ಬರೋದಾದರೆ ಬಾ."

ಎದ್ದೆ. ರಸ್ತೆ ದಾಟಿದೆ. ಲಿಫ್ಟಿನಲ್ಲಿ ಅಂದು ಒತ್ತಿದ್ದ ಅಂಕಿಯ ಕಡೆ ನೋಡದೆ ಇನ್ನೊಂದನ್ನು ಒತ್ತಿದೆ. ಕಾರಿಡಾರಿನ ಅದೇ ವಾಸನೆ, ಅದೇ ತಿಳಿ ಬಣ್ಣ. ಗೋಡೆ ಹಿಡಿದುಕೊಂಡು ನಡೆದೆ.

ಆಂಟಿ ಹಾಸಿಗೆಯಲ್ಲಿ ಒರಗಿ ಕುಳಿತಿದ್ದರು. ಲ್ಯಾಪ್‌ಟಾಪನ್ನು ಊಟದ ಹಲಗೆಯ ಮೇಲಿಟ್ಟು ಹೆಡ್‌ಫೋನ್ ಜೋಡಿಸಿದೆ. ಒಂದು ಕಡೆಯದನ್ನು ಬಲಗಿವಿಗೆ ಹಾಕಿದೆ. ಆಮೇಲೆ ಹೆಂಡತಿಯ ಗುಂಡಿಯನ್ನು ಅವರ ಕೈಗೆ ಕೊಟ್ಟೆ. ಪರದೆಯನ್ನು ನನ್ನ ಕಡೆಗೆ ತಿರುಗಿಸಿಕೊಂಡೆ, ಅಂಕಿಗಳು ಅವರಿಗೆ ಕಾಣದಂತೆ.

"ಇದೇನು?"

"ರೇಡಿಯೋ ಇದ್ದ ಹಾಗೆ. ತಿರುಗಿಸಿದರೆ ವೇಗ ಹೆಚ್ಚು ಕಡಿಮೆ ಆಗುತ್ತೆ. ನಿಮಗೆ ಬೇಕಾದ ಕಡೆ ನಿಲ್ಲಿಸಿ."

"ಬೇಕಾದ್ದು ಅಂದರೆ?"

"ನಿಮಗೇ ಗೊತ್ತಾಗುತ್ತೆ." ಇನ್ನೇನೂ ಹೇಳಬಾರದೆಂದು ಬಾಯಿ ಮುಚ್ಚಿಕೊಂಡೆ.

ಮೊದಲು ಮೇಲಕ್ಕೆ ತಿರುಗಿಸಿ ನಕ್ಕರು. "ಡೊನಾಲ್ಡ್ ಬಾತುಕೋಳಿ." ಆಮೇಲೆ ಕೆಳಕ್ಕೆ. ನನ್ನ ಪರದೆಯಲ್ಲಿ ಕರಿ ನಾಲ್ಕು ದಾಟಿತು, ಬಿಳಿ ಐದು ಬಂತು. ಇಲ್ಲಿ ನಿಲ್ಲಿಸುತ್ತಾರೆ ಎಂದುಕೊಂಡೆ. ನಿಲ್ಲಿಸಲಿಲ್ಲ. ಅದರ ಕೆಳಗಿನ ಮನೆಯನ್ನೂ ದಾಟಿದರು. ತೀರ ಕೆಳಗೆ ಹೋಗುತ್ತಿದ್ದಾರೆ, ದಣಿದಿದ್ದಾರೆ, ಏನು ತಿರುಗಿಸುತ್ತಿದ್ದಾರೆಂದು ಗೊತ್ತಾಗುತ್ತಿಲ್ಲ ಎಂದು ಹೆದರಿದೆ. ಸಾಕು ಆಂಟಿ ಎಂಬ ಮಾತು ನಾಲಿಗೆಯ ತುದಿಗೆ ಬಂತು.

ಅವರು ಕಣ್ಣು ಮುಚ್ಚಿರಲಿಲ್ಲ. ಮುಖದಲ್ಲಿ ಏನೂ ಇರಲಿಲ್ಲ. ಹೊದಿಕೆಯ ಕೆಳಗೆ ಬಲಗಾಲಿನ ಹೆಬ್ಬೆರಳು ಅಲುಗಿತು. ಬೆರಳು ನಿಂತಿತು. ಗುಂಡಿ ಕೂದಲೆಳೆಯಷ್ಟು ಮೇಲಕ್ಕೆ ಬಂತು. ಮತ್ತೆ ಕಾಲು ಅಲುಗಿತು. ಈ ಸಲ ಎರಡೂ ಕಾಲು, ಒಂದಾದ ಮೇಲೆ ಒಂದು, ನಿಧಾನವಾಗಿ, ಹೊದಿಕೆಯನ್ನು ಎತ್ತಿ ಇಳಿಸುತ್ತ. ಗುಂಡಿಯಿಂದ ಕೈ ತೆಗೆದುಬಿಟ್ಟರು. ಹಾಡು ಮುಗಿಯಿತು. ಮತ್ತೆ ಮೊದಲಿಂದ ಹಾಕು ಎಂದು ಬೆರಳಲ್ಲೇ ಹೇಳಿದರು. ಎರಡನೇ ಸಲ ಮುಗಿದ ಮೇಲೆ ಹೆಡ್‌ಫೋನ್ ತೆಗೆದರು.

"ಆ ದಿನ ನೀನು ಹಾಕಿದ್ದೆಯಲ್ಲ, ಅದಕ್ಕೆ ಯಾರು ಕುಣೀತಾರೆ? ನರ್ಸುಗಳು ಓಡೋಕೆ ಸರಿ," ಎಂದರು. "ಪಾಪಾ ಬ್ಯಾಂಡ್ ಶುರು ಮಾಡೋ ಮುಂಚೆ ಹಾಲ್ ಪೂರ್ತಿ ನೋಡೋರು. ಅಲ್ಲಿರೋ ಎಲ್ಲರಿಗಿಂತ ವಯಸ್ಸಾದ ಹೆಂಗಸು ಯಾರು ಅಂತ. ಅವಳ ಕಾಲು ನೋಡಿಕೊಂಡು ಬಾರಿಸಿ ಅಂತ ಡ್ರಮ್ಮಿನವನಿಗೆ ಹೇಳೋರು. ಅವಳು ಕುಣಿದರೆ ಎಲ್ಲರೂ ಕುಣೀತಾರೆ."

ನಾನು ಸಾ ಹುಡುಕುತ್ತಿದ್ದೆ. ನಮ್ಮಲ್ಲಿ ಹಾಡು ನಿಲ್ಲುವುದು ಅಲ್ಲಿ. ಇದು ಕಾಲಿನ ಮೇಲೆ ನಿಲ್ಲುವ ಹಾಡು ಎಂದು ನನಗೆ ಹೊಳೆದೇ ಇರಲಿಲ್ಲ.

ದನಿಯ ಬಗ್ಗೆ ಅವರು ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ. ಸ್ವಲ್ಪ ಹೊತ್ತಿನ ನಂತರ ಗೋಡೆಯ ಕಡೆ ನೋಡುತ್ತ, "ಪಾಪಾಗೆ ನೆಗಡಿ ಆಗಿರಬೇಕು ಆ ದಿನ," ಎಂದರು. ನನಗೆ ಅಷ್ಟು ಸಾಕಾಯಿತು.

ಆಮೇಲೆ ಕೇಳಿದರು. "ಮೊದಲಿನದು ಎಲ್ಲಿ? ಹಾಡು ನಡುವಿನಿಂದ ಶುರುವಾಗುತ್ತೆ."

ಚೂರಿನ ವಿಷಯ ಹೇಳಿದೆ. ನಾನೇ ಬಿಟ್ಟು ಮುಂದಕ್ಕೆ ಮುಳ್ಳಿಟ್ಟದ್ದು, ಆಮೇಲೆ ಅದು ಕೈಯಲ್ಲಿ ಪುಡಿಯಾದದ್ದು. ಅವರು ಬಯ್ಯಲಿಲ್ಲ.

"ಸಾಲು ನಿಮಗೆ ನೆನಪಿದ್ದರೆ ಹೇಳಿ, ಆಂಟಿ. ಬರೆದಾದರೂ ಇಟ್ಟುಕೊಳ್ಳೋಣ."

"ನೆನಪಿಡೋಕೆ ಆಗಲ್ಲ ಲಾ ಅದನ್ನ. ಮೊದಲ ಸಾಲನ್ನ ಪಾಪಾ ದಿನಾ ಬದಲಾಯಿಸೋರು. ಅವತ್ತು ಯಾರು ಕುಣೀತಿದ್ದಾರೆ, ಮಳೆ ಬಂತಾ, ಯಾವ ಹಡಗು ಹೋಯ್ತು ಅನ್ನೋದನ್ನ ನೋಡಿ ಅಲ್ಲೇ ಕಟ್ಟೋರು. ಉಳಿದದ್ದೆಲ್ಲ ಯಾವಾಗಲೂ ಒಂದೇ. ಆ ಅಂಗಡಿಯಲ್ಲಿ ಕುಣಿಯೋರು ಯಾರೂ ಇರಲಿಲ್ಲ. ಯಾರನ್ನ ನೋಡಿ ಏನು ಹಾಡಿದರೋ. ನಾನು ಇನ್ನೂ ಹುಟ್ಟಿರಲಿಲ್ಲ. ಅದನ್ನ ಕೇಳಬೇಕು ಅಂತಲೇ ನಿನ್ನ ಹತ್ತಿರ ಬಂದಿದ್ದು."

ನರ್ಸ್ ಬಂದರು. ನಾನು ತಂತಿಗಳನ್ನು ಸುತ್ತಿಕೊಂಡೆ. ಎರಡು ಸಲ ಸುತ್ತಿದೆ, ಸರಿಯಾಗಿ ಸುತ್ತಲು ಬರಲಿಲ್ಲ. ಹೊರಡುವಾಗ ಆಂಟಿ, "ಲಿಫ್ಟ್ ಬಲಕ್ಕೆ ಬಾಯ್, ಮತ್ತೆ ಬಸ್ಸಿಗೆ ಕಾಯಬೇಡ," ಎಂದರು.

ವರ್ಕ್‌ಶಾಪಿಗೆ ಹೋಗಿ ಅವರು ನಿಲ್ಲಿಸಿದ ಜಾಗವನ್ನು ಹಾರ್ಮೋನಿಯಂ ಜೊತೆ ಹಿಡಿದು ನೋಡಿದೆ. ಬಿಳಿ ನಾಲ್ಕು. ಹೊಸ್ತಿಲಲ್ಲಲ್ಲ, ಮನೆಯ ನಟ್ಟನಡುವೆ. ಯಾವ ವಾದ್ಯವೂ ಇಲ್ಲದೆ, ಕಾಲಿನಿಂದ ಅವರು ಅಲ್ಲಿಗೆ ತಲುಪಿದ್ದರು. ಅದರ ಮೇಲೆ ನಾನು ಇನ್ನು ಕೈ ಹಾಕಲಿಲ್ಲ.

ಆಪರೇಷನ್ ಆಯಿತು. ಆಂಟಿ ಸೆಂಬವಾಂಗ್‌ಗೆ ಮರಳಿದ್ದಾರೆ. ಕಿವಿ ಕೇಳಿಸುವುದಿಲ್ಲ, ಮಾತಾಡುತ್ತಾರೆ. ಈಗ ನಾನು ಕಿವಿ ಬೇಕಾದ ಕೆಲಸವನ್ನೂ ತೆಗೆದುಕೊಳ್ಳುತ್ತೇನೆ, ಗುಂಡಿಯನ್ನು ಬಂದವರ ಕೈಗೇ ಕೊಡುತ್ತೇನೆ. ಮುಳ್ಳು ಇಳಿಸುವಾಗ ಈಗಲೂ ಹೆದರಿಕೆಯಾಗುತ್ತದೆ. ತಟ್ಟೆಯ ಪುಡಿಯನ್ನು ಭೂತಗನ್ನಡಿಯ ಕೆಳಗೆ ಹರಡಿ, ಗೆರೆಗೆ ಗೆರೆ ಕೂಡುತ್ತದೆಯೇ ಎಂದು ಹಲವು ಸಲ ನೋಡಿದ್ದೇನೆ. ಕೂಡಲಿಲ್ಲ.

ಹಾಡು ಇದೆ. ಅದರ ಮೊದಲ ಸಾಲು ಇಲ್ಲ.